ಹಾರೆಗೆ ಸಿಕ್ಕಿದ್ದು ಅರ್ಧ ಕಥೆ

ನಿಧಿಗಳ್ಳರು ರಾತ್ರಿ ಅಗೆದು ಬಿಟ್ಟುಹೋದ ಗುಂಡಿಯ ಚಿತ್ರ ಪತ್ರಿಕೆಯಲ್ಲಿ ಬಂದಾಗ ನಮ್ಮ ಕಣ್ಣು ಮೊದಲು ಹೋಗುವುದು ಪೀಠದಿಂದ ಕಿತ್ತ ಲಿಂಗದ ಕಡೆಗೆ, ಮಗುಚಿ ಬಿದ್ದ ನಂದಿಯ ಕಡೆಗೆ. ಗುಂಡಿಯ ಅಂಚಿನಲ್ಲಿ ಚೆಲ್ಲಿದ ಸಾಮಾನನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಯಾವ ಜಿಲ್ಲೆಯ ಸುದ್ದಿಯಾದರೂ ಆ ಸಾಮಾನು ಹೆಚ್ಚುಕಡಿಮೆ ಒಂದೇ: ಕೊಯ್ದ ನಿಂಬೆಹಣ್ಣು, ಕುಂಕುಮ ಮೆತ್ತಿದ ಬೂದುಗುಂಬಳ, ಅರಿಶಿನ, ಕರ್ಪೂರದ ಕಪ್ಪು, ಕೆಲವೊಮ್ಮೆ ಕೋಳಿಯ ಪುಕ್ಕ. ದೇವರನ್ನೇ ಬುಡಸಮೇತ ಕಿತ್ತವನಿಗೆ ನಿಂಬೆಹಣ್ಣು ಯಾಕೆ ಬೇಕಾಯಿತು? ಅವನಿಗೆ ಭಯಭಕ್ತಿ ಇಲ್ಲ ಎನ್ನೋಣವೆಂದರೆ ಆ ಗುಂಡಿಯ ಸುತ್ತ ಇರುವುದೆಲ್ಲ ಭಯದ ಗುರುತುಗಳೇ. ನಿಧಿಯ ಕಥೆಗಳನ್ನು ಕುರಿತು ನಮ್ಮಲ್ಲಿ ನಡೆಯುವ ಮಾತು ಈ ನಿಂಬೆಹಣ್ಣನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಥೆ ಆಸೆ ಹುಟ್ಟಿಸುತ್ತದೆ, ಆಸೆ ಹಾರೆ ಹಿಡಿಸುತ್ತದೆ, ಹಾರೆ ಗುಡಿ ಕೆಡವುತ್ತದೆ. ಆದ್ದರಿಂದ ಕಥೆಯೇ ಅಪರಾಧಿ ಎಂದು ತೀರ್ಪು ಕೊಟ್ಟು ಸುಮ್ಮನಾಗುತ್ತೇವೆ. ನನಗೆ ಈ ತೀರ್ಪು ಅವಸರದ್ದು ಅನ್ನಿಸುತ್ತದೆ. ನೆಲದಡಿಯ ಹೊನ್ನಿನ ಕಥೆಯನ್ನು ಹಳ್ಳಿ ಹೇಳುತ್ತ ಬಂದ ರೀತಿಯಲ್ಲಿ ಹೊನ್ನಿನ ಭಾಗ ಚಿಕ್ಕದು, ಕಾವಲಿನ ಭಾಗ ದೊಡ್ಡದು. ಈಗ ಹಾರೆ ಹಿಡಿದವರಿಗೆ ಸಿಕ್ಕಿರುವುದು ಆ ಕಥೆಯ ಅರ್ಧ ಮಾತ್ರ.

ಈ ಮಾತನ್ನು ಪರೀಕ್ಷಿಸಲು ಸೊರಬ ತಾಲ್ಲೂಕಿನ ಆನವಟ್ಟಿಯ ಹತ್ತಿರದ ಕುಬಟೂರಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಇಂದಿನ ಸಣ್ಣ ಊರು ಶಾಸನಗಳಲ್ಲಿ ಕುಪ್ಪಟೂರು, ಬ್ರಾಹ್ಮಣರ ಅಗ್ರಹಾರ. ಬನವಾಸಿಯ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಇಲ್ಲಿ ಪಾರ್ಶ್ವನಾಥನ ಬಸದಿ ಕಟ್ಟಿಸಿ, ಅದಕ್ಕೆ ಅಗ್ರಹಾರದವರಿಂದಲೇ ಬ್ರಹ್ಮಜಿನಾಲಯ ಎಂದು ಹೆಸರಿಡಿಸಿದ ಸಂಗತಿ 1077ರ ಶಾಸನದಲ್ಲಿದೆ. ಅದಾದ ಕೆಲವೇ ವರ್ಷಗಳಲ್ಲಿ, ಸುಮಾರು 1100ರ ಹೊತ್ತಿಗೆ, ಕೈಟಭೇಶ್ವರ ದೇವಾಲಯ ಎದ್ದಿತು. ಕೋಟಿಪುರದ ಕೋಟೀಶ್ವರ ಎಂದು ಜನ ಕರೆಯುವುದು ಇದನ್ನೇ. ಕಡೆದ ಕಂಬಗಳ ಆ ವಿಶಾಲ ಮಂಟಪದಲ್ಲಿ ನಿಂತವರಿಗೆ ಇದನ್ನು ಕಟ್ಟಲು ಎಷ್ಟು ಹಣ ಹರಿದಿರಬೇಕು ಎಂಬ ಯೋಚನೆ ಬಾರದೆ ಇರದು. ಸುತ್ತಮುತ್ತಲೂ ಹೀಗೆಯೇ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಒಂದು ಕಾಲಕ್ಕೆ ಮಠ, ಗುಡಿ, ವರ್ತಕರ ಬೀದಿಗಳ ಮಹಾನಗರ. ತಾಳಗುಂದ ಅದಕ್ಕೂ ಹಳೆಯ ಅಗ್ರಹಾರ. ಚಂದ್ರಗುತ್ತಿ, ಉದ್ರಿ, ಬನವಾಸಿ ಎಲ್ಲವೂ ಸುತ್ತಿನಲ್ಲೇ. ದೊಡ್ಡ ಊರುಗಳು ಸಣ್ಣವಾದ ಸೀಮೆ ಇದು. ಈಗ ಮೆಕ್ಕೆಜೋಳ, ಭತ್ತ, ಅಡಿಕೆ ಬೆಳೆಯುವ ನೆಲದಲ್ಲಿ ನೇಗಿಲಿಗೆ ಕೆತ್ತಿದ ಕಲ್ಲು ತಗಲುವುದು ಸಾಮಾನ್ಯ. ಇಂಥ ನೆಲದ ಮೇಲೆ ಬದುಕುವವರು, ಆ ಸಂಪತ್ತೆಲ್ಲ ಎಲ್ಲಿ ಹೋಯಿತು ಎಂದು ಕೇಳಿಕೊಂಡರೆ ಅದು ದುರಾಸೆಯಲ್ಲ, ಸಹಜ ಕುತೂಹಲ. ಆ ಕುತೂಹಲಕ್ಕೆ ಇತಿಹಾಸದ ಪುಸ್ತಕ ಬರುವುದಕ್ಕೆ ಎಷ್ಟೋ ಮೊದಲೇ ಕಥೆ ಉತ್ತರ ಕೊಟ್ಟಿತ್ತು.

ಕುಬಟೂರಿನ ದೊಡ್ಡ ಕಥೆಯಂತೂ ಚಂದ್ರಹಾಸನದು. ಜೈಮಿನಿ ಭಾರತದ ಕುಂತಳನಗರ ಇದೇ ಎಂಬ ನಂಬಿಕೆ ಇಲ್ಲಿ ಹಳೆಯದು. ಮೈಸೂರು ಗೆಜೆಟಿಯರ್ ಬರೆದ ಲೂಯಿ ರೈಸ್ ಕೂಡ ಅದನ್ನು ದಾಖಲಿಸಿದ್ದಾರೆ. ಅದು ನಿಧಿಯ ಕಥೆಯಲ್ಲ ನಿಜ, ಆದರೆ ಕಾವಲಿನ ಕಥೆ ಹೌದು. ರಾಜ್ಯ ಕಳೆದುಕೊಂಡ ಮಗುವಿನ ಕಾಲಿಗೆ ಆರು ಬೆರಳು, ಅದು ಅಪಶಕುನ. ಆಟದಲ್ಲಿ ಸಿಕ್ಕ ಸಾಲಿಗ್ರಾಮವನ್ನು ಅವನು ಬಾಯಲ್ಲಿ ಇಟ್ಟುಕೊಳ್ಳುತ್ತಾನೆ, ಅದು ರಕ್ಷೆ. ಕೊಲ್ಲಲು ಕಾಡಿಗೊಯ್ದ ಕಟುಕರು ಕನಿಕರಪಟ್ಟು ಆರನೆಯ ಬೆರಳನ್ನು ಮಾತ್ರ ಕತ್ತರಿಸಿ ಬಿಟ್ಟುಬಿಡುತ್ತಾರೆ. ಕೇಡು ಬೆರಳಿನ ಜೊತೆಗೇ ಹೋಯಿತು. ಕೊನೆಗೆ ಅವನನ್ನು ಕೊಲ್ಲಿಸಹೊರಟ ಮಂತ್ರಿ ದುಷ್ಟಬುದ್ಧಿ ತನ್ನ ಮಗನಿಗೆ ಬರೆದ ಓಲೆಯಲ್ಲಿ 'ವಿಷ' ಎಂದಿದ್ದದ್ದನ್ನು ಅವನ ಮಗಳು ವಿಷಯೆ ತನ್ನ ಹೆಸರಾಗುವಂತೆ ತಿದ್ದಿ, ಸಾವನ್ನು ಮದುವೆ ಮಾಡುತ್ತಾಳೆ. ಒಂದಕ್ಷರದ ಹೆಚ್ಚುಕಡಿಮೆಯಲ್ಲಿ ಒಂದು ಬರಹದ ಅರ್ಥವೇ ಬುಡಮೇಲಾಗುವ ಕಥೆಯನ್ನು ತನ್ನದೆಂದು ಹೇಳಿಕೊಳ್ಳುವ ಊರಿನ ಸೀಮೆಯಲ್ಲೇ, ಕಲ್ಲಿನ ಬರಹವನ್ನು ಅರೆಬರೆ ಓದಿ ಗುಂಡಿ ತೋಡುವವರು ಓಡಾಡುತ್ತಾರೆ ಎಂಬುದು ವಿಚಿತ್ರ.

ಕಲ್ಲಿನ ಬರಹದ ಮಾತು ಬಂದಿತು. ಹಳೆಗನ್ನಡ ಲಿಪಿ ಓದಲು ಬಾರದ ಕಾಲದಲ್ಲಿ ಶಾಸನವನ್ನು ನಿಧಿಯ ವಿಳಾಸವೆಂದು ತಿಳಿಯುವುದು ನಾಡಿನ ಉದ್ದಕ್ಕೂ ಇತ್ತು. ಅದರ ತಲೆಯ ಮೇಲೆ ಕೆತ್ತಿದ ಸೂರ್ಯ ಚಂದ್ರ, ಹಸು ಕರು, ಖಡ್ಗ ಇವೆಲ್ಲ ಗುಪ್ತ ಗುರುತುಗಳು ಎಂದು ಈಗಲೂ ನಂಬುವವರಿದ್ದಾರೆ. ಸೂರ್ಯಚಂದ್ರರಿರುವವರೆಗೆ ದಾನ ನಡೆಯಲಿ ಎಂಬುದಷ್ಟೇ ಆ ಚಿತ್ರದ ತಾತ್ಪರ್ಯ. ಆದರೆ ಶಾಸನಕ್ಕೂ ನಿಧಿಗೂ ಸಂಬಂಧವೇ ಇಲ್ಲ ಎನ್ನುವಂತಿಲ್ಲ. ಇದೆ, ಅದು ಕಾನೂನಿನ ಸಂಬಂಧ. ವಿಜಯನಗರ, ಕೆಳದಿ ಕಾಲದ ಭೂದಾನ ಪತ್ರಗಳಲ್ಲಿ ದಾನ ಪಡೆದವನಿಗೆ ಅಷ್ಟಭೋಗದ ಹಕ್ಕು ಸಲ್ಲುತ್ತದೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಎಂಟರಲ್ಲಿ ಮೊದಲ ಎರಡೂ ನೆಲದಲ್ಲಿ ಹುದುಗಿದ ಸಂಪತ್ತಿನವು. ಬಾವಿಯ ನೀರು, ಗುಡ್ಡದ ಕಲ್ಲಿನಷ್ಟೇ ಸಲೀಸಾಗಿ ನಿಧಿಯೂ ಒಂದು ಬಾಬತ್ತು. ಅಂದರೆ ನೆಲದಲ್ಲಿ ಹೊನ್ನು ಇರಬಹುದೆಂಬುದು ಅರಸರ ಲೆಕ್ಕಿಗರಿಗೆ ಮೂಢನಂಬಿಕೆಯಾಗಿರಲಿಲ್ಲ. ಅದೇ ದಾನಪತ್ರಗಳ ಕೊನೆಯಲ್ಲಿ ಶಾಪವಿದೆ: ಕೊಟ್ಟದ್ದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗುತ್ತಾನೆ, ವಾರಣಾಸಿಯಲ್ಲಿ ಗೋವು ಕೊಂದ ಪಾಪ ಹೊರುತ್ತಾನೆ. ಹಕ್ಕು ಮೇಲೆ, ಶಾಪ ಕೆಳಗೆ. ಎರಡೂ ಸೇರಿದರೆ ಒಂದು ಶಾಸನ. ಹಳ್ಳಿಯ ನಿಧಿಕಥೆ ಇದೇ ಅಚ್ಚಿನಲ್ಲಿ ಎರಕಗೊಂಡಿದೆ ಎಂಬುದು ನನ್ನ ವಾದದ ಮೊದಲ ಆಧಾರ.

ಹೊನ್ನು ಹೂಳುವುದಕ್ಕೆ ಕಾರಣಗಳಿಗೂ ಬರವಿರಲಿಲ್ಲ. 1763ರಲ್ಲಿ ಹೈದರಾಲಿ ಕೆಳದಿ ಅರಸರ ರಾಜಧಾನಿ ಬಿದನೂರನ್ನು ಹಿಡಿದಾಗ ಸಿಕ್ಕ ಸೂರೆಯೇ ಅವನ ಏಳಿಗೆಗೆ ಬುನಾದಿಯಾಯಿತು. ಹಾಗೆ ಸಿಗದಂತೆ ಮುಚ್ಚಿಟ್ಟದ್ದೂ ಇದ್ದಿರಲೇಬೇಕಲ್ಲ. 1791ರ ಕೊನೆಗೆ ಪರಶುರಾಮ ಭಾವುವಿನ ಮರಾಠಾ ಸೇನೆ ಶಿವಮೊಗ್ಗದ ಕಡೆ ನುಗ್ಗಿತು. 1799ರಲ್ಲಿ ಧೋಂಡಿಯಾ ವಾಘನ ದಂಡು ಈ ಸೀಮೆಯಲ್ಲಿ ಅಲೆದಾಡಿತು. 1830ರಲ್ಲಿ ನಗರ ಸೀಮೆಯ ರೈತರ ದಂಗೆ. ಬ್ಯಾಂಕು ಬೀಗವಿಲ್ಲದ ಕಾಲದಲ್ಲಿ ಇಕ್ಕೇರಿ ವರಹಗಳನ್ನು ಗಡಿಗೆಗೆ ತುಂಬಿ ಹಿತ್ತಿಲಲ್ಲಿ ಹುಗಿದು ಕಾಡಿಗೆ ಓಡಿದವರಲ್ಲಿ ಮರಳಿ ಬಾರದವರೂ ಇರುತ್ತಾರೆ. ಗುಡಿಗಳ ವಿಷಯದಲ್ಲೂ ಒಂದು ಎಳೆ ಸತ್ಯವಿದೆ. ಗುಡಿ ಕಟ್ಟುವಾಗ ಗರ್ಭನ್ಯಾಸವೆಂದು ಧಾನ್ಯ, ಲೋಹದ ಚೂರು, ರತ್ನದ ಹರಳುಗಳನ್ನು ತಳದಲ್ಲಿಡುವ ಪದ್ಧತಿ ಆಗಮಗಳಲ್ಲಿದೆ. ಇಟ್ಟಿರುವುದು ವಿಧಿಗೆ ತಕ್ಕಷ್ಟು, ವ್ಯಾಪಾರಕ್ಕೆ ತಕ್ಕಷ್ಟಲ್ಲ. ಲಿಂಗ ಕಿತ್ತವನ ಕೈಗೆ ಹೆಚ್ಚೆಂದರೆ ಉಗುರು ಗಾತ್ರದ ಚೂರು ಬರಬಹುದು. ಹೋಗುವುದು ಸಾವಿರ ವರ್ಷದ ಪೀಠ.

ಇನ್ನು ಕಥೆಯ ಅಚ್ಚನ್ನು ನೋಡೋಣ. ಹಾಳುಗುಡಿಯ ಕೆಳಗೆ ಏಳು ಕೊಪ್ಪರಿಗೆ ಇದೆ, ಹೆಡೆಯೆತ್ತಿದ ಸರ್ಪ ಕಾಯುತ್ತಿದೆ. ಅಮಾವಾಸ್ಯೆಯ ರಾತ್ರಿ ಕೆರೆಯಲ್ಲಿ ಕೊಪ್ಪರಿಗೆ ತೇಲುತ್ತದೆ, ಸರಪಳಿಯ ಸದ್ದು ಕೇಳುತ್ತದೆ. ತೆಗೆಯಹೋದವನು ರಕ್ತ ಕಾರಿದ, ಇಲ್ಲವೇ ಮಾತು ಬಿದ್ದುಹೋಯಿತು, ಇಲ್ಲವೇ ಹೊನ್ನೆಲ್ಲ ಇದ್ದಿಲಾಯಿತು. ಕನ್ನಡನಾಡಿನಲ್ಲಿ ಎಲ್ಲಿ ಕೇಳಿದರೂ ಹೆಸರು ಬದಲಾಗುತ್ತದೆಯೇ ಹೊರತು ಕೊನೆ ಬದಲಾಗುವುದಿಲ್ಲ: ಕೊಪ್ಪರಿಗೆ ಇದ್ದಲ್ಲೇ ಇರುತ್ತದೆ. ಇದು ನಮ್ಮ ವಿಶೇಷವೂ ಅಲ್ಲ. ಐರ್ಲೆಂಡಿನ ಜಾನಪದ ಆಯೋಗ 1937ರಿಂದ 1939ರವರೆಗೆ ಶಾಲಾ ಮಕ್ಕಳ ಕೈಯಲ್ಲಿ ಮನೆಯ ಹಿರಿಯರಿಂದ ಕೇಳಿದ ಕಥೆ ಬರೆಸಿತು. ಸುಮಾರು 50 ಸಾವಿರ ಮಕ್ಕಳು ಬರೆದರು. ಹೂತ ನಿಧಿ ಆ ಸಂಗ್ರಹದ ಒಂದು ಮುಖ್ಯ ವಿಷಯ. ಅಲ್ಲಿ ಹೊನ್ನಿನ ಗಡಿಗೆ ಇರುವುದು ಹಳೆಯ ದುಂಡು ಮಣ್ಣುಕೋಟೆಗಳಲ್ಲಿ; ಕಾಯುವುದು ಕರಿನಾಯಿ, ಗೂಳಿ, ಕೆಲವೊಮ್ಮೆ ಕಾವಲಿಗೆಂದೇ ಕೊಂದು ಹೂತ ಮನುಷ್ಯನ ದೆವ್ವ. ಅಗೆಯುವವನು ಬಾಯಿ ಬಿಡಕೂಡದು; ಬಿಡುತ್ತಾನೆ, ಓಡುತ್ತಾನೆ, ಹೊನ್ನು ಅಲ್ಲೇ. ಆ ಮಣ್ಣುಕೋಟೆಗಳು ಯಕ್ಷಿಣಿಯರಂಥ ಅಮಾನುಷರ ವಾಸಸ್ಥಾನ, ಅಲ್ಲಿನ ಮುಳ್ಳುಮರ ಕಡಿದರೆ ಕೇಡು ಎಂಬ ಭಯದಿಂದ ರೈತರು ಉಳುವಾಗ ಅವನ್ನು ಬಳಸಿಕೊಂಡು ಹೋಗುತ್ತಿದ್ದರು. ಹತ್ತಾರು ಸಾವಿರ ಸಂಖ್ಯೆಯಲ್ಲಿ ಅವು ಇಂದಿಗೂ ಉಳಿದಿರುವುದಕ್ಕೆ ಆ ಭಯವೂ ಒಂದು ಕಾರಣ ಎಂಬುದನ್ನು ಅಲ್ಲಿನ ಪ್ರಾಕ್ತನ ವಿದ್ವಾಂಸರು ಒಪ್ಪುತ್ತಾರೆ. ಕಥೆ ಪೂರಾ ಸುಳ್ಳೂ ಅಲ್ಲ: 1868ರಲ್ಲಿ ಅಂಥದೇ ಒಂದು ಕೋಟೆಯಲ್ಲಿ ಆಲೂಗಡ್ಡೆ ಅಗೆಯುತ್ತಿದ್ದವರಿಗೆ ಸಿಕ್ಕ ಅರ್ಡಾ ಬಟ್ಟಲು ಈಗ ಆ ದೇಶದ ಹೆಮ್ಮೆ.

ಈ ಕಾವಲಿನ ಭಾಷೆ ಎಲ್ಲಿಂದ ಬಂದಿತು? ಮನೆಯ ಹೊಸಿಲಿನಿಂದ. ಹೊಸ ಮನೆಗೆ ಬೂದುಗುಂಬಳ ಕಟ್ಟುತ್ತೇವೆ, ಬಾಣಂತಿಯ ದಿಂಬಿನ ಕೆಳಗೆ ಕಬ್ಬಿಣ ಇಡುತ್ತೇವೆ, ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು, ಬೆಳೆದ ಗದ್ದೆಗೆ ಬೆದರುಬೊಂಬೆ. ಇದನ್ನು ಮಾಡುವವರಿಗೆ ದಿಗ್ಬಂಧನ ಎಂಬ ಮಾತು ಪರಿಚಿತ. ನಿಧಿಗೆ ದಿಗ್ಬಂಧನ ಹಾಕಿದ್ದಾರೆ ಎನ್ನುವಾಗಲೂ ಅದೇ ಮಾತು. ಮನೆಗೆ ಹೊಸಿಲು ಇರುವಂತೆ ನೆಲದಡಿಗೂ ಒಂದು ಹೊಸಿಲಿದೆ, ಅದನ್ನು ಕೇಳದೆ ದಾಟಬಾರದು ಎಂಬ ತಿಳಿವಳಿಕೆ ಎರಡರಲ್ಲೂ ಇದೆ. ಜಾನಪದದ ಪುಸ್ತಕಗಳು ನಿಧಿಯ ಐತಿಹ್ಯವನ್ನು ಒಂದು ಅಧ್ಯಾಯದಲ್ಲಿ, ರಕ್ಷಣೆಯ ನಂಬಿಕೆಗಳನ್ನು ಇನ್ನೊಂದು ಅಧ್ಯಾಯದಲ್ಲಿ ಇಡುತ್ತವೆ. ಹೀಗೆ ಬೇರೆ ಮಾಡಿದ್ದರಿಂದಲೇ ನಿಧಿಕಥೆ ಬರೀ ಆಸೆಯ ಕಥೆಯಂತೆ ಕಾಣತೊಡಗಿತೇನೋ. ಸೊರಬ, ಸಾಗರದ ಕಡೆ ಭೂಮಿ ಹುಣ್ಣಿಮೆಯಂದು ಬಸುರಿ ಭೂಮಿಗೆ ಬಯಕೆಯ ಊಟವೆಂದು ಚಿತ್ತಾರ ಬರೆದ ಬುಟ್ಟಿಯಲ್ಲಿ ಅಡುಗೆ ಹೊತ್ತು ಹೋಗಿ, ಎಡೆಯ ಒಂದು ಪಾಲನ್ನು ಗದ್ದೆಯಲ್ಲೇ ಹುಗಿಯುತ್ತಾರೆ. ನೆಲದಿಂದ ತೆಗೆಯುವುದಕ್ಕೂ ನೆಲಕ್ಕೆ ಇಡುವುದಕ್ಕೂ ಲೆಕ್ಕ ಇಟ್ಟುಕೊಂಡ ಜನರ ನಡುವೆ ಹುಟ್ಟಿದ ಕಥೆಗಳಿವು.

ಭಯ ಕಾಯುತ್ತದೆ ಎನ್ನುವುದಕ್ಕೆ ಸೊರಬದಲ್ಲಿ ಗುಡಿಗಿಂತ ಗಟ್ಟಿಯಾದ ಸಾಕ್ಷಿಯೊಂದಿದೆ, ಅದು ಕಾನು. ಬಯಲೂ ಮಲೆನಾಡೂ ಕೂಡುವ ಈ ತಾಲ್ಲೂಕಿನಲ್ಲಿ ಎಲೆ ಉದುರುವ ಕಾಡಿನ ನಡುವೆ ದ್ವೀಪಗಳ ಹಾಗೆ ನಿತ್ಯಹಸಿರಿನ ತುಣುಕುಗಳಿದ್ದವು. ಚೌಡಿಯೋ ಭೂತಪ್ಪನೋ ನಾಗನೋ ನೆಲೆಸಿದ ಜಾಗವೆಂದು ಅಲ್ಲಿ ಹಸಿಮರಕ್ಕೆ ಕೊಡಲಿ ಹಾಕುತ್ತಿರಲಿಲ್ಲ. ಕಾಳುಮೆಣಸು ಕೊಯ್ಯಬಹುದಿತ್ತು, ಬಗನಿಯ ರಸ ಇಳಿಸಬಹುದಿತ್ತು, ಕಾನಿನ ಬುಡದ ಒರತೆ ಗದ್ದೆಗೆ ಹರಿಯುತ್ತಿತ್ತು. ಅರಣ್ಯ ಇಲಾಖೆಯ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿ ಸೊರಬದ ಕಾನುಗಳ ಮೇಲೆ ವರದಿ ಬರೆದಾಗ 171 ಕಾನುಗಳನ್ನು ಎಣಿಸಿದ್ದರು, ಒಟ್ಟು ಸುಮಾರು 13 ಸಾವಿರ ಹೆಕ್ಟೇರ್. ಬೇಲಿಯಿಲ್ಲದೆ, ಗಾರ್ಡಿಲ್ಲದೆ ಅಷ್ಟು ಕಾಡು ನಿಂತಿತ್ತು. ಆಮೇಲೆ ಅದು ಕರಗಿದ್ದು ನಂಬಿಕೆ ಒಮ್ಮೆಗೇ ಸತ್ತು ಅಲ್ಲ. ಕಾನಿನ ಮೇಲಿನ ಹಕ್ಕು ಊರಿನ ಕೈಬಿಟ್ಟು ಸರ್ಕಾರದ ಕಡತಕ್ಕೆ ಹೋಗಿ, ಮರ ನಾಟಾ ಆದ ಮೇಲೆ. ದೇವರ ಭಯವನ್ನು ಕಾಗದದ ಪರವಾನಗಿ ತೊಡೆದುಹಾಕಿತು. ಈ ಮಾತನ್ನು ನೆನಪಿಟ್ಟುಕೊಂಡು ಮತ್ತೆ ಗುಂಡಿಯ ಹತ್ತಿರ ಹೋಗೋಣ.

ಕಥೆ ಇಲ್ಲದಿದ್ದರೆ ಕಳ್ಳನೇ ಬರುತ್ತಿರಲಿಲ್ಲವಲ್ಲ, ಅದು ಕಾಯುವುದೆಲ್ಲಿ ಬಂತು ಎಂಬುದು ಮೊದಲ ಆಕ್ಷೇಪ. ಸರಿಯಾದ ಪ್ರಶ್ನೆಯೇ. ಆದರೆ ನಿಂಬೆಹಣ್ಣು ಹೇಳುವುದೇನು? ಬಂದವನು ಸರ್ಪವನ್ನೂ ನಂಬಿದ್ದಾನೆ. ಕೊಪ್ಪರಿಗೆಯನ್ನಷ್ಟೇ ನಂಬಿದ್ದರೆ ಹಾರೆ, ಗುದ್ದಲಿ, ಈಗಿನ ಕಾಲಕ್ಕೆ ಒಂದು ಲೋಹಶೋಧಕ ಯಂತ್ರ ಸಾಕಾಗಿತ್ತು. ಅವನು ಮಂತ್ರವಾದಿಯನ್ನು ಕರೆತಂದಿದ್ದಾನೆ, ಅಂಜನ ಹಾಕಿಸಿದ್ದಾನೆ, ಅಮಾವಾಸ್ಯೆ ನೋಡಿದ್ದಾನೆ, ಕೋಳಿಗೆ ದುಡ್ಡು ಕೊಟ್ಟಿದ್ದಾನೆ. ಇಷ್ಟೆಲ್ಲ ಖರ್ಚು ಆ ಕಾವಲನ್ನು ಬಿಡಿಸಲಿಕ್ಕೆ. ಹಾಗಾದರೆ ಒಡೆದದ್ದು ನಂಬಿಕೆಯಲ್ಲ. ನಂಬಿಕೆಗೂ ನೆಲಕ್ಕೂ ನಡುವೆ ದಲ್ಲಾಳಿಯೊಬ್ಬ ಬಂದು ನಿಂತಿದ್ದಾನೆ. ದಾಟಬಾರದು ಎಂದು ಕಥೆ ಹೇಳಿದರೆ, ಇಷ್ಟು ಕೊಟ್ಟರೆ ದಾಟಿಸುತ್ತೇನೆ ಎಂದು ಅವನು ಹೇಳುತ್ತಾನೆ. ಕಾನಿನ ಮರಕ್ಕೆ ಪರವಾನಗಿ ಮಾಡಿದ ಕೆಲಸವನ್ನು ಗುಡಿಯ ನೆಲಕ್ಕೆ ಅವನ ಮಂತ್ರ ಮಾಡುತ್ತದೆ. ಊರಿನವನಿಗೆ ಕಥೆ ಪೂರ್ತಿ ಬಂದಿದೆ, ಏಕೆಂದರೆ ರಕ್ತ ಕಾರಿ ಸತ್ತವನ ಹೆಸರೂ ಮನೆತನವೂ ಅವನ ಕಥೆಯಲ್ಲಿದೆ. ದೂರದಿಂದ ಕಾರಿನಲ್ಲಿ ಬರುವವನಿಗೆ ಆ ಹೆಸರು ಯಾರದೋ. ಕೊಪ್ಪರಿಗೆ ಮಾತ್ರ ತನ್ನದು.

ಎರಡನೆಯ ಆಕ್ಷೇಪಕ್ಕೆ ಇಷ್ಟು ಸಲೀಸಾಗಿ ಉತ್ತರಿಸಲು ಆಗುವುದಿಲ್ಲ. ಇದೇ ಕಥೆಗಳು ಬಲಿ ಕೇಳುತ್ತವೆ. ನಿಧಿಗಾಗಿ ಮಗುವನ್ನು ಕೊಂದ, ಕೊಲ್ಲಹೊರಟ ಪ್ರಕರಣಗಳು ಈ ರಾಜ್ಯದ ಪೊಲೀಸ್ ದಾಖಲೆಯಲ್ಲಿವೆ. ಚೊಚ್ಚಲ ಮಗನ ತಲೆ ಕೊಟ್ಟರೆ ಬಾಗಿಲು ತೆರೆಯುತ್ತದೆ ಎಂದು ಹೇಳುವಾಗ ಕಥೆ ತೆರಲಾಗದ ಬೆಲೆಯೊಂದನ್ನು ಹೇಳುತ್ತಿತ್ತು, ಅಂದರೆ ಬೇಡ ಎಂದೇ ಹೇಳುತ್ತಿತ್ತು ಎಂದು ನಾನು ವಾದಿಸಬಲ್ಲೆ. ಆ ವಾದ ನಿಜವೆಂದೂ ನಂಬುತ್ತೇನೆ. ಆದರೆ ಯಾವುದೇ ಬೆಲೆಯನ್ನು ಬಾಯಿಬಿಟ್ಟು ಹೇಳಿದ ಮೇಲೆ ಅದನ್ನು ತೆರಲು ಸಿದ್ಧನಾದವನೊಬ್ಬ ಎಲ್ಲೋ ಇದ್ದೇ ಇರುತ್ತಾನೆ, ಅದೂ ಬೇರೆಯವರ ಮಗುವಿನಿಂದ. ಆ ಹೊಣೆಯಿಂದ ಕಥೆಯನ್ನು ಪೂರ್ತಿ ಬಿಡಿಸಲಾಗದು. ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆ ನಿಧಿಯ ಹೆಸರಿನ ವಾಮಾಚಾರವನ್ನು ಹೆಸರಿಸಿ ಶಿಕ್ಷಾರ್ಹ ಮಾಡಿರುವುದು ಬೇಕೇಬೇಕಾಗಿದ್ದ ಕೆಲಸ. ಆ ಕಾಯ್ದೆಯ ಗುರಿ ಕಥೆ ಹೇಳುವ ಅಜ್ಜಿಯಲ್ಲ, ದಲ್ಲಾಳಿ ಎಂಬುದೂ ನನ್ನ ವಾದಕ್ಕೆ ಒಪ್ಪುತ್ತದೆ.

ಊರಿನವರು ಅಷ್ಟೊಂದು ಭಯಸ್ಥರಾಗಿದ್ದರೆ ಗುಡಿಯ ಕಲ್ಲು ಕೆರೆಯ ತೂಬಿಗೆ, ಮನೆಯ ಮೆಟ್ಟಿಲಿಗೆ, ಬಟ್ಟೆ ಒಗೆಯುವ ಹಾಸಿಗೆ ಹೇಗೆ ಹೋಯಿತು ಎಂದು ಕೇಳುವವರಿದ್ದಾರೆ. ಹೋದದ್ದು ನಿಜ. ವೀರಗಲ್ಲುಗಳು ಲೆಕ್ಕವಿಲ್ಲದಷ್ಟಿರುವ ಸೊರಬದಲ್ಲಿ ಇದನ್ನು ಯಾರೂ ಅಲ್ಲಗಳೆಯಲಾರರು. ನಿಧಿಯ ಭಯ ಕಾದದ್ದು ಗರ್ಭಗುಡಿಯ ನೆಲವನ್ನು, ಲಿಂಗದ ಬುಡವನ್ನು, ನಾಗರಕಲ್ಲಿನ ಕಟ್ಟೆಯನ್ನು. ಕಳಚಿ ಬಿದ್ದ ಕಂಬಕ್ಕೆ ಅದು ಕಾವಲಾಗಿರಲಿಲ್ಲ. ಕೈಟಭೇಶ್ವರ ಇಂದು ನೆಟ್ಟಗೆ ನಿಂತಿರುವುದರಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯ ಪಾಲು ದೊಡ್ಡದು. ಸರ್ಪ ಸೋರುವ ಛಾವಣಿ ರಿಪೇರಿ ಮಾಡುವುದಿಲ್ಲ. ಆದರೆ ಇಲಾಖೆಯ ನೀಲಿ ಫಲಕ ಇರುವುದು ಕೆಲವು ಗುಡಿಗಳಿಗೆ. ಹೊಲದ ನಡುವಿನ ಮುರುಕು ಬಸದಿಗೆ, ಕಾನಿನೊಳಗಿನ ಹೆಸರಿಲ್ಲದ ಈಶ್ವರನಿಗೆ ಕಾವಲುಗಾರ ಇಲ್ಲ. ಅಲ್ಲಿ ಇರುವುದು ಕಥೆಯೊಂದೇ. ಇನ್ನು ಕಾನೂನು. 1878ರ ಭಾರತೀಯ ನಿಧಿ ಕಾಯ್ದೆ ಹತ್ತು ರೂಪಾಯಿಗೆ ಮೇಲ್ಪಟ್ಟ ಯಾವ ನಿಧಿ ಸಿಕ್ಕರೂ ಕಲೆಕ್ಟರಿಗೆ ತಿಳಿಸಬೇಕೆಂದಿತು, ವಾರಸುದಾರ ಇಲ್ಲದಿದ್ದರೆ ಸಿಕ್ಕವನಿಗೆ ಮುಕ್ಕಾಲು, ನೆಲದೊಡೆಯನಿಗೆ ಕಾಲು ಪಾಲು ಎಂದಿತು. ಕರ್ನಾಟಕಕ್ಕೆ 1962ರಲ್ಲಿ ತನ್ನದೇ ಕಾಯ್ದೆ ಬಂತು. ಸಿಕ್ಕ ಮೇಲೆ ಯಾರಿಗೆ ಎಂಬುದು ಕಾಯ್ದೆಯ ಪ್ರಶ್ನೆ. ಹುಡುಕಬೇಕೇ ಎಂಬುದು ಕಥೆಯ ಪ್ರಶ್ನೆ. ಐರ್ಲೆಂಡ್ ಇದನ್ನು ತಡವಾಗಿ ಕಲಿಯಿತು: 1980ರಲ್ಲಿ ಡೆರಿನಾಫ್ಲಾನ್ ಎಂಬ ಹಳೆಯ ಮಠದ ನೆಲದಲ್ಲಿ ಲೋಹಶೋಧಕ ಹಿಡಿದವರಿಗೆ ಬೆಳ್ಳಿಯ ಬಟ್ಟಲು ಮೊದಲಾದ ಪೂಜಾ ಪಾತ್ರೆಗಳು ಸಿಕ್ಕವು, ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1987ರಲ್ಲಿ ತೀರ್ಮಾನವಾಯಿತು, 1994ರಲ್ಲಿ ಹೊಸ ಕಾನೂನೇ ಬರಬೇಕಾಯಿತು. ಯಂತ್ರಕ್ಕೆ ಕರಿನಾಯಿ ಕಾಣುವುದಿಲ್ಲ.

ಹಾಗಾದರೆ ನೆಲದಡಿ ಏನೂ ಇಲ್ಲ, ಎಲ್ಲ ಸುಳ್ಳು ಎಂದು ಮಕ್ಕಳಿಗೆ ಕಲಿಸಿದರೆ ಮುಗಿಯಿತಲ್ಲ ಎನ್ನುವ ಸುಲಭೋಪಾಯವೊಂದಿದೆ. ಅದು ನಡೆಯುವುದಿಲ್ಲ, ಏಕೆಂದರೆ ಅದು ನಿಜವಲ್ಲ. ತಾಳಗುಂದದ ಪ್ರಣವೇಶ್ವರ ಗುಡಿಯ ಆವರಣದಲ್ಲಿ 2013ರ ಉತ್ಖನನದಲ್ಲಿ ಸಿಂಹಕಟಾಂಜನದ (ಮೆಟ್ಟಿಲ ಬದಿಯ ಸಿಂಹದ ಕೈಪಿಡಿಗಲ್ಲಿನ) ಮೇಲೆ ಕೆತ್ತಿದ ಕನ್ನಡ ಬರಹ ಸಿಕ್ಕಿತು, ಅದು ಕ್ರಿ.ಶ. 370ರ ಸುಮಾರಿನದು, ಹಲ್ಮಿಡಿ ಶಾಸನಕ್ಕಿಂತ ಹಿಂದಿನದು ಎಂದು ಪುರಾತತ್ತ್ವ ಇಲಾಖೆಯವರು ಹೇಳಿದರು. ಈ ಸೀಮೆಯ ನೆಲದಡಿ ಇದೆ. ಏನು ಎನ್ನುವುದಷ್ಟೇ ಚರ್ಚೆ. ಇಲ್ಲ ಎಂದು ಹೇಳಿ ಭಯವನ್ನು ಅಳಿಸಿದರೆ, ನಾಳೆ ಒಂದು ವರಹ ಸಿಕ್ಕ ದಿನ ಆಸೆ ಕಾವಲಿಲ್ಲದೆ ಎದ್ದು ನಿಲ್ಲುತ್ತದೆ. ಕಥೆಯನ್ನು ಪೂರ್ತಿ ಹೇಳುವುದು ಮೇಲು, ರಕ್ತ ಕಾರಿದವನ ಸಮೇತ.

ಪೂರ್ತಿ ಹೇಳಿದ ಕಥೆ ಎಂಥದೆಂಬುದಕ್ಕೆ ಮಾದರಿ ಬಳ್ಳಿಗಾವಿಯಲ್ಲೇ ಇದೆ. ಇದೇ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿ ದೇವರ ಇರವನ್ನು ನೆಲದಲ್ಲಿ ಮರೆಯಾದ ನಿಧಿಗೆ ಹೋಲಿಸಿದವಳು. ಬಳ್ಳಿಗಾವಿಯ ಅಲ್ಲಮನ ಬಾಳಿನಲ್ಲಿ ಆ ಹೋಲಿಕೆ ಘಟನೆಯಾಗಿಯೇ ನಡೆಯುತ್ತದೆ. ಹರಿಹರನ 'ಪ್ರಭುದೇವರ ರಗಳೆ'ಯ ಪ್ರಕಾರ, ತಾನು ಪ್ರೀತಿಸಿದ ಕಾಮಲತೆ ಸತ್ತ ದುಃಖದಲ್ಲಿ ತೋಟವೊಂದರಲ್ಲಿ ಕುಳಿತ ಅಲ್ಲಮ ಉಗುರಿನಿಂದ ನೆಲ ಗೀರುತ್ತಿದ್ದಾಗ ಹೊನ್ನಿನ ಕಳಸವೊಂದು ಮಣ್ಣಿನಿಂದ ತಲೆಯೆತ್ತುತ್ತದೆ. ಅಗೆಯುತ್ತಾರೆ, ಕಳಸದ ಕೆಳಗೆ ಶಿಖರ, ಶಿಖರದ ಕೆಳಗೆ ಹೂತುಹೋದ ಗುಡಿ. ಒಳಗೆ ಕೊಪ್ಪರಿಗೆ ಇಲ್ಲ, ಸರ್ಪವಿಲ್ಲ. ಅಂಗೈಯಲ್ಲಿ ಲಿಂಗ ಹಿಡಿದು ರೆಪ್ಪೆ ಬಡಿಯದೆ ನೋಡುತ್ತ ಕುಳಿತ ಅನಿಮಿಷಯ್ಯ ಒಬ್ಬನೇ. ಅಲ್ಲಮ ಆ ಲಿಂಗ ತೆಗೆದುಕೊಳ್ಳುತ್ತಲೇ ಅವನ ಪ್ರಾಣ ಹೋಗುತ್ತದೆ. ನಿಧಿಕಥೆಯ ಎಲ್ಲ ಸಾಮಾನೂ ಇಲ್ಲಿದೆ: ಅಗೆತ, ಹೊನ್ನು, ಕಾವಲು, ಒಂದು ಸಾವು. ಇಷ್ಟು ಶತಮಾನಗಳಿಂದ ಇದನ್ನು ಕೇಳುತ್ತ ಬಂದ ಜನರಲ್ಲಿ, ಆ ಹೊನ್ನಕಳಸ ಆಮೇಲೆ ಏನಾಯಿತು ಎಂದು ಕೇಳಬೇಕೆಂದು ಯಾರಿಗೂ ತೋಚುವುದಿಲ್ಲ.